ಹೃದಯದ ಪಿಸುಮಾತು, ವಿದ್ಯುತ್ತಿನ ಗದ್ದಲ

ಮಾನವನ ಹೃದಯವು ಪ್ರತಿಯೊಂದು ಬಡಿತದಲ್ಲಿಯೂ ಅತಿ ಸೂಕ್ಷ್ಮವಾದ ವಿದ್ಯುತ್ತನ್ನು ಉಂಟುಮಾಡುತ್ತದೆ. ಚರ್ಮದ ಮೇಲೆ ಅಳೆದಾಗ ಅದರ ಪ್ರಮಾಣವು ಸುಮಾರು 1 ಮಿಲಿವೋಲ್ಟ್ ಮಾತ್ರ. ಈ ಸಂಕೇತವನ್ನು ಕಾಗದದ ಮೇಲೆ ರೇಖೆಯಾಗಿ ಮೂಡಿಸುವುದೇ ಇ.ಸಿ.ಜಿ. ಆದರೆ ಪರೀಕ್ಷೆ ನಡೆಯುವ ಕೋಣೆಯ ಗೋಡೆಗಳಲ್ಲಿರುವುದು 230 ವೋಲ್ಟಿನ ವಿದ್ಯುತ್ತು. ಹೃದಯದ ಸಂಕೇತದ ಎರಡು ಲಕ್ಷ ಪಟ್ಟಿಗೂ ಮಿಗಿಲಾದುದು. ಸಂತೆಯ ಗದ್ದಲದಲ್ಲಿ ಪಿಸುಮಾತನ್ನು ಆಲಿಸುವಂತಹ ಕಾರ್ಯವಿದು.

ಹಾಲೆಂಡಿನ ಲೈಡನ್ ನಗರದ ವಿಜ್ಞಾನಿ ವಿಲೆಮ್ ಐಂತೋವನ್ ಅವರು 20ನೆಯ ಶತಮಾನದ ಆರಂಭದಲ್ಲಿ ಈ ಪಿಸುಮಾತನ್ನು ಸ್ಪಷ್ಟವಾಗಿ ದಾಖಲಿಸಿದರು. ಅದಕ್ಕಾಗಿ 1924ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಅವರ ಪ್ರಯೋಗದಲ್ಲಿ ರೋಗಿಯು ಕೈಗಳನ್ನೂ ಒಂದು ಕಾಲನ್ನೂ ಉಪ್ಪುನೀರಿನ ಪಾತ್ರೆಗಳಲ್ಲಿ ಇಟ್ಟುಕೊಳ್ಳಬೇಕಾಗಿತ್ತು. ಒಣ ಚರ್ಮವು ವಿದ್ಯುತ್ತಿಗೆ ತಡೆಯೊಡ್ಡುವುದೇ ಇದಕ್ಕೆ ಕಾರಣ. ಇಂದು ಉಪ್ಪುನೀರಿನ ಕೆಲಸವನ್ನು ಜೆಲ್ ಮಾಡುತ್ತದೆ.

ಗದ್ದಲದ ಬಗೆಗಳು

ಗದ್ದಲವು ಮುಖ್ಯವಾಗಿ ಮೂರು ಬಗೆಯದು. ಮೊದಲನೆಯದು ಮನೆಯ ವಿದ್ಯುತ್ತಿನದು. ಅದು ಸೆಕೆಂಡಿಗೆ 50 ಬಾರಿ ಕಂಪಿಸುವುದರಿಂದ, ಇ.ಸಿ.ಜಿ. ಕಾಗದದ ಒಂದೊಂದು ಸಣ್ಣ ಚೌಕದಲ್ಲಿಯೂ ಎರಡೆರಡು ಅಲೆಗಳು ಒತ್ತಾಗಿ ಕಾಣಿಸಿ, ರೇಖೆಯು ದಪ್ಪವಾದಂತೆ ತೋರುತ್ತದೆ. ಎರಡನೆಯದು ಸ್ನಾಯುಗಳ ವಿದ್ಯುತ್ತು. ಚಳಿಯಿಂದಲೋ ಭಯದಿಂದಲೋ ಮೈ ನಡುಗಿದರೆ ರೇಖೆಯು ಅಂಕುಡೊಂಕಾಗುತ್ತದೆ. ಮೂರನೆಯದರಲ್ಲಿ, ಉಸಿರಾಟದಿಂದ ಅಥವಾ ಸಡಿಲವಾದ ಅಂಟುಬಿಲ್ಲೆಯಿಂದ ಇಡೀ ರೇಖೆಯೇ ನಿಧಾನವಾಗಿ ಮೇಲೆ ಕೆಳಗೆ ತೇಲುತ್ತದೆ.

ನಿವಾರಣೆಯ ಮಾರ್ಗ

ಗದ್ದಲವನ್ನು ಅದರ ಮೂಲದಲ್ಲಿಯೇ ತಡೆಯುವುದು ಉತ್ತಮ. ಚರ್ಮವನ್ನು ಒರೆಸಿ ಸ್ವಚ್ಛಗೊಳಿಸುವುದು, ಬಿಲ್ಲೆಗಳನ್ನು ಬಿಗಿಯಾಗಿ ಅಂಟಿಸುವುದು, ಯಂತ್ರದ ತಂತಿಗಳನ್ನು ಹರಡದೆ ಒಟ್ಟಾಗಿ ಇಡುವುದು, ವಿದ್ಯುತ್ ತಂತಿಗಳಿಂದ ಅವನ್ನು ದೂರವಿರಿಸುವುದು ಮೊದಲ ಹೆಜ್ಜೆಗಳು. ಮುಂದಿನದು ಯಂತ್ರದ ಜಾಣ್ಮೆ. ಎರಡೂ ಕೈಗಳನ್ನು ಹೊರಗಿನ ವಿದ್ಯುತ್ತು ಬಹುಮಟ್ಟಿಗೆ ಸಮನಾಗಿ ಮುಟ್ಟುತ್ತದೆ. ಹೃದಯದ ಸಂಕೇತವಾದರೋ ಎರಡರಲ್ಲಿ ಬೇರೆ ಬೇರೆ. ಒಂದರಿಂದ ಇನ್ನೊಂದನ್ನು ಕಳೆದರೆ ಸಮನಾದ ಗದ್ದಲವು ಅಳಿದು, ಹೃದಯದ ಸಂಕೇತವು ಉಳಿಯುತ್ತದೆ. ಬಲಗಾಲಿಗೆ ಜೋಡಿಸುವ ತಂತಿಯು ಈ ಕಾರ್ಯಕ್ಕೆ ನೆರವಾಗುತ್ತದೆ.

ಫಿಲ್ಟರ್ ಎಂಬ ಶೋಧಕವನ್ನು ಬಳಸುವಾಗ ವಿವೇಕವಿರಬೇಕು. ಕಾಳಿನೊಡನೆ ಜೊಳ್ಳು ಹೋಗಬೇಕೇ ಹೊರತು ಜೊಳ್ಳಿನೊಡನೆ ಕಾಳು ಹೋಗಬಾರದು. ಅತಿಯಾಗಿ ಶೋಧಿಸಿದ ರೇಖೆಯು ನೋಡಲು ಅಂದವಾಗಿದ್ದರೂ, ಹೃದಯಾಘಾತದ ಸೂಚನೆಯನ್ನು ಅರಸುವ ಭಾಗವೇ ಅದರಲ್ಲಿ ವಿಕಾರಗೊಂಡಿರಬಹುದು. ಇದಕ್ಕೆ ವಿರುದ್ಧವಾಗಿ, ಕೇವಲ ಮೈನಡುಕದ ಗೆರೆಗಳನ್ನು ಹೃದಯದ ಲಯದೋಷವೆಂದು ಭ್ರಮಿಸಿ ಅನಗತ್ಯ ಚಿಕಿತ್ಸೆ ನಡೆಸಿದ ಪ್ರಸಂಗಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಆದುದರಿಂದ ಸಂದೇಹವಿದ್ದಲ್ಲಿ ಮತ್ತೊಮ್ಮೆ ದಾಖಲಿಸುವುದೇ ಲೇಸು.

ರೋಗಿಯ ಪಾಲು

ಈ ಕಾರ್ಯದಲ್ಲಿ ರೋಗಿಯ ಸಹಕಾರವೂ ಅವಶ್ಯಕ. ಪರೀಕ್ಷೆಯ ದಿನ ಎದೆಗೆ ಎಣ್ಣೆ, ಕ್ರೀಮು ಹಚ್ಚಬಾರದು. ಮೊಬೈಲನ್ನು ಪಕ್ಕಕ್ಕಿರಿಸಿ, ಕೈಕಾಲುಗಳನ್ನು ಸಡಿಲಬಿಟ್ಟು, ಮಾತನಾಡದೆ, ಸಹಜವಾಗಿ ಉಸಿರಾಡುತ್ತ ಮಲಗಬೇಕು. ಚಳಿಯಾದರೆ ಹೊದಿಕೆಯನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ಆದರೆ ಎದೆನೋವು ಕಾಣಿಸಿಕೊಂಡಾಗ ಈ ಸಿದ್ಧತೆಗಳಿಗಾಗಿ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. ಉಳಿದ ಸಮಯದಲ್ಲಿ, ಕೆಲವು ನಿಮಿಷಗಳ ನಿಶ್ಚಲತೆಯು ಹೃದಯದ ಮಾತು ವೈದ್ಯರ ಕಿವಿಗೆ ಸರಿಯಾಗಿ ಮುಟ್ಟುವಂತೆ ಮಾಡುತ್ತದೆ.