ಚಿಂತೆಯ ಹೊತ್ತಿನಲ್ಲಿ ಧ್ಯಾನ



2024ರ ಆಗಸ್ಟ್ 10ರ ರಾತ್ರಿಯನ್ನು ಹೊಸಪೇಟೆ, ಕಂಪ್ಲಿ ಕಡೆಯ ರೈತರಾರೂ ಮರೆತಿರಲಾರರು. ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಹೊಳೆಯ ಪಾಲಾಗತೊಡಗಿತು. ನಾಟಿ ಮಾಡಿದ ಬತ್ತದ ಗತಿಯೇನು, ತಂದ ಸಾಲದ ಗತಿಯೇನು ಎಂದು ಮನೆಮನೆಯಲ್ಲಿ ನಿದ್ದೆ ಹಾರಿತು. ಕನ್ನಯ್ಯ ನಾಯ್ಡು ಅವರ ಸಲಹೆಯಂತೆ ಕೆಲಸಗಾರರು ಹರಿಯುವ ನೀರಿನಲ್ಲಿಯೇ ಕಬ್ಬಿಣದ ಐದು ತುಂಡುಗಳನ್ನು ಒಂದರ ಮೇಲೊಂದು ಇಳಿಸಿದರು. ವಾರದೊಳಗೆ ನೀರು ನಿಂತಿತು. ಮುಂದೆ ಮಳೆಯೂ ಬಂದು ಜಲಾಶಯ ಮತ್ತೆ ತುಂಬಿತು.

ಆ ಒಂದು ವಾರ ಗೇಟು ಕೂಡಿಸುವುದು ರೈತನ ಕೈಯಲ್ಲಿರಲಿಲ್ಲ. ಅಂಥ ದಿನಗಳಲ್ಲಿ ಅವನ ಕೈಯಲ್ಲಿ ಏನು ಉಳಿಯುತ್ತದೆ ಎಂಬುದೇ ಈ ಪಾಠದ ವಿಷಯ. ಸಂಡೂರಿನ ಮೆಕ್ಕೆಜೋಳದವರಿಗೆ ಕಾಲುವೆಯ ಚಿಂತೆಯಿಲ್ಲದಿದ್ದರೆ ಮಳೆಯ ಚಿಂತೆ. ರಸ್ತೆಬದಿಯ ಹೊಲವಾದರೆ ಅದಿರು ಲಾರಿಗಳ ಕೆಂಧೂಳಿನ ಚಿಂತೆ ಬೇರೆ.

ಚಿಂತೆ ಬರಿಯ ಮನಸ್ಸಿನ ಮಾತಲ್ಲ. ಹುಲಿಯನ್ನು ಕಂಡಾಗ ಓಡುವುದಕ್ಕೆ ಶರೀರ ಹೇಗೆ ಸಿದ್ಧವಾಗುವುದೋ ಸಾಲದ ನೆನಪಿಗೂ ಹಾಗೆಯೇ ಸಿದ್ಧವಾಗುತ್ತದೆ. ಎದೆಬಡಿತ ಏರುತ್ತದೆ, ಉಸಿರು ಗಿಡ್ಡವಾಗುತ್ತದೆ, ರಕ್ತದ ಒತ್ತಡ ಹೆಚ್ಚುತ್ತದೆ. ಹುಲಿ ಬಂದು ಹೋಗುತ್ತದೆ. ಸಾಲ ಮಾತ್ರ ದಿನವೂ ಬಾಗಿಲಲ್ಲಿ ನಿಂತಿರುತ್ತದೆ. ಆದುದರಿಂದ ನಿದ್ದೆ ಕೆಡುತ್ತದೆ, ಸಿಟ್ಟು ಹೆಂಡತಿ ಮಕ್ಕಳ ಮೇಲೆ, ಎತ್ತಿನ ಮೇಲೆ ತಿರುಗುತ್ತದೆ.

ಹಂಪೆಗೆ ಹೋದವರು ಚಕ್ರತೀರ್ಥದ ಬಳಿಯ ಯಂತ್ರೋದ್ಧಾರಕ ಹನುಮಂತನನ್ನು ನೋಡಿರಬಹುದು. ಬೇರೆಡೆ ಹಾರುವ, ಬೆಟ್ಟ ಹೊರುವ ಹನುಮ ಇಲ್ಲಿ ಷಟ್ಕೋನದ ಯಂತ್ರದೊಳಗೆ ಪದ್ಮಾಸನ ಹಾಕಿ ಧ್ಯಾನಕ್ಕೆ ಕುಳಿತಿದ್ದಾನೆ. ಇದರ ಪ್ರತಿಷ್ಠೆ ವ್ಯಾಸರಾಯರದೆನ್ನುತ್ತಾರೆ. 1539ರಲ್ಲಿ ಕಾಲವಾದ ಅವರ ವೃಂದಾವನ ಆನೆಗೊಂದಿಯ ನವವೃಂದಾವನದಲ್ಲಿದೆ. ಸ್ಥಳದ ಹೇಳಿಕೆಯಂತೆ ರಾಯರು ಬಂಡೆಯ ಮೇಲೆ ಹನುಮನನ್ನು ಬರೆದಂತೆಲ್ಲ ಅದು ಜೀವ ತಳೆದು ಕೋತಿಯಾಗಿ ಹಾರಿಹೋಗುತ್ತಿತ್ತಂತೆ. ಹನ್ನೆರಡು ದಿನ ಹೀಗಾಯಿತು. ಕೊನೆಗೆ ಯಂತ್ರ ಬರೆದು ಅದರೊಳಗೆ ನಿಲ್ಲಿಸಿದರು. ಸುತ್ತ ಹನ್ನೆರಡು ಕೋತಿಗಳು ಇಂದಿಗೂ ಕಲ್ಲಿನಲ್ಲಿ ಇವೆ. ಕಥೆಯನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಹನ್ನೆರಡು ಸಲ ಹಾರಿಹೋದರೂ ರಾಯರು ಸಿಟ್ಟಾಗದೆ ಮತ್ತೆ ಬರೆಯಲು ಕುಳಿತರೆಂಬುದನ್ನು ಧ್ಯಾನ ಕಲಿಯುವವರು ಗಮನಿಸಬೇಕು.

ಕೂಡುವ ಕ್ರಮ ಸುಲಭ. ಕಂಬಳಿಯ ಮೇಲೋ ಜಗಲಿಯ ಮೇಲೋ ಬೆನ್ನು ನೆಟ್ಟಗಿಟ್ಟು ಕೂತುಕೊಳ್ಳಿರಿ. ಮೊಣಕಾಲು ನೋವಿದ್ದವರು ಗೋಡೆಗೆ ಒರಗಬಹುದು, ಕುರ್ಚಿಯಲ್ಲಿಯೂ ಕೂಡಬಹುದು. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಎಳೆದು, ಆರು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡಿರಿ. ಉಸಿರು ಬಿಡುವಾಗ ಎದೆಬಡಿತ ತಾನಾಗಿಯೇ ತುಸು ನಿಧಾನವಾಗುವುದರಿಂದ ಬಿಡುವ ಉಸಿರನ್ನೇ ಉದ್ದ ಮಾಡತಕ್ಕದ್ದು. ಇಂಥ ಹತ್ತು ಉಸಿರು ಎಣಿಸಿ ಮತ್ತೆ ಒಂದರಿಂದ ತೊಡಗಿರಿ. ಶಿವನ ಹೆಸರಾಗಲಿ, ಅಲ್ಲಾನ ಹೆಸರಾಗಲಿ, ಯಾವ ಹೆಸರೂ ಇಲ್ಲದೆ ಬರಿಯ ಉಸಿರಾಗಲಿ, ನಡೆಯುತ್ತದೆ. ನಾಲ್ಕನೆಯ ಉಸಿರಿಗೇ ಮನಸ್ಸು ಸೊಸೈಟಿಯ ಕಂತಿಗೆ ಓಡುತ್ತದೆ. ಓಡಿತೆಂದು ತಿಳಿದೊಡನೆ ಬೈದುಕೊಳ್ಳದೆ ಮರಳಿ ಒಂದು ಎಂದು ಎಣಿಸಿರಿ. ಹೀಗೆ ತಿರುಗಿ ಬರುವುದೇ ಅಭ್ಯಾಸ. ಮನಸ್ಸು ಅಲುಗಾಡಲೇ ಬಾರದೆಂದು ಕುಳಿತವರು ಮೂರನೆಯ ದಿನಕ್ಕೆ ಬಿಟ್ಟುಬಿಡುತ್ತಾರೆ.

ಮೊದಲ ವಾರ ಐದು ನಿಮಿಷ ಸಾಕು, ಆಮೇಲೆ ಹತ್ತಕ್ಕೆ ಏರಿಸಿರಿ. ರಾತ್ರಿ ಪಂಪಿನ ಕರೆಂಟಿಗೆ ಕಾಯುವಾಗ, ಕಾಲುವೆಯ ಬದಿಯಲ್ಲಿ ನೀರಿನ ಸರದಿಗೆ ಕಾಯುವಾಗ ಸಮಯ ಹೇಗೂ ಸಿಕ್ಕುತ್ತದೆ. ಆ ಹೊತ್ತು ಮೊಬೈಲು ಜೇಬಿನಲ್ಲಿರಲಿ. ಹೊಲ, ಒಲೆ, ಮಗು ಮೂರನ್ನೂ ನೋಡುವ ತಾಯಂದಿರಿಗೆ ಈ ಹತ್ತು ನಿಮಿಷವನ್ನು ಮನೆಯವರೇ ಬಿಡಿಸಿ ಕೊಡಬೇಕು. ಇಲ್ಲವಾದರೆ ಅವರಿಗೆ ಅದು ಸಿಕ್ಕದು.

ಧ್ಯಾನದಿಂದ ಸಾಲ ತೀರದು, ಕಾಲುವೆಗೆ ನೀರು ಬಾರದು. ಎದ್ದ ಮೇಲೆ ಯಾರಿಗೆ ಎಷ್ಟು ಕೊಡಬೇಕು, ಯಾವ ತಿಂಗಳು ಕೊಡಬೇಕು ಎಂದು ಒಂದು ವಹಿಯಲ್ಲಿ ಬರೆದು, ಬ್ಯಾಂಕಿಗೋ ಸೊಸೈಟಿಗೋ ಹೋಗಿ ಮಾತನಾಡಲೇಬೇಕು. ಶಾಂತವಾದ ತಲೆಯಿದ್ದರೆ ಆ ಮಾತು ನೆಟ್ಟಗೆ ಬರುತ್ತದೆ, ಅಷ್ಟೆ. ಕಣ್ಣು ಮುಚ್ಚಿದರೆ ಭಯ ಹೆಚ್ಚುವವರು ಕಣ್ಣು ತೆರೆದೇ ಕೂಡಲಿ. ಆಗಲೂ ಹೆಚ್ಚಿದರೆ ಅಭ್ಯಾಸ ನಿಲ್ಲಿಸಲಿ.

ಎರಡು ವಾರ ನಿದ್ದೆಯಿಲ್ಲ, ಊಟ ಸೇರದು, ಬದುಕೇ ಬೇಡವೆನ್ನಿಸುತ್ತದೆ ಎಂದರೆ ಅದು ಧ್ಯಾನಕ್ಕೆ ಬಿಡತಕ್ಕ ವಿಷಯವಲ್ಲ. ಮನೆಯವರು ಕ್ರಿಮಿನಾಶಕದ ಡಬ್ಬಿಗಳನ್ನು ಬೀಗದೊಳಗಿಟ್ಟು, ಅವರನ್ನು ಒಬ್ಬರೇ ಬಿಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಇದರಲ್ಲಿ ನಾಚಿಕೆಗೆ ಎಡೆಯಿಲ್ಲ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿಯೇ ಮಾನಸಿಕ ಚಿಕಿತ್ಸೆ ಕೊಡಬಹುದೆಂದು ತೋರಿಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ಹೊಸಪೇಟೆಯೂ ಆಗ ಅದೇ ಜಿಲ್ಲೆಯಲ್ಲಿತ್ತು. ಆ ಮಾದರಿಯಿಂದಲೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆಯೂ ಇದೆ. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.