ರೆಕ್ಕೆ ಬಡಿಯದೆ ಹಾರುವ ಗುಟ್ಟು

ಮಕ್ಕಳೇ, ಬಿಸಿಲೇರಿದ ಹೊತ್ತಿನಲ್ಲಿ ಹದ್ದು ರೆಕ್ಕೆ ಅಗಲಿಸಿ ಆಕಾಶದಲ್ಲಿ ಸುತ್ತುವುದನ್ನು ನೀವು ನೋಡಿದ್ದೀರಲ್ಲವೇ? ಅದು ರೆಕ್ಕೆ ಬಡಿಯುವುದೇ ಅಪರೂಪ. ಆದರೂ ಮೇಲೇರುತ್ತದೆ!

ಈ ವಿದ್ಯೆಯಲ್ಲಿ ಬಹಳ ಪಳಗಿದ ಹಕ್ಕಿಯೊಂದು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿದೆ. ಅದೇ ಕಾಂಡೋರ್. ನಮ್ಮ ರಣಹದ್ದಿನಂತೆ ಸತ್ತ ಪ್ರಾಣಿಗಳನ್ನು ತಿಂದು ಬದುಕುತ್ತದೆ. ಇದರ ತೂಕ 15 ಕಿಲೋಗ್ರಾಂವರೆಗೂ ಇರುತ್ತದೆ. ಬಿಚ್ಚಿದ ರೆಕ್ಕೆಗಳು ತುದಿಯಿಂದ ತುದಿಗೆ ಸುಮಾರು 3 ಮೀಟರ್. ತರಗತಿಯ ನೆಲದ ಮೇಲೆ ಅಷ್ಟುದ್ದದ ಗೆರೆ ಎಳೆದು ನೋಡಿ! ಇಷ್ಟು ಭಾರದ ಹಕ್ಕಿ ದಿನವಿಡೀ ರೆಕ್ಕೆ ಬಡಿಯುತ್ತಾ ಆಹಾರ ಹುಡುಕಿದರೆ, ತಿಂದ ಶಕ್ತಿಯೆಲ್ಲ ಹಾರಾಟಕ್ಕೇ ಖರ್ಚಾದೀತು.

ಅರ್ಜೆಂಟೀನಾದಲ್ಲಿ ವಿಜ್ಞಾನಿಗಳು ಕಾಂಡೋರ್‌ಗಳ ಮೈಗೆ ಪುಟ್ಟ ಉಪಕರಣ ಅಳವಡಿಸಿ ಪ್ರತಿ ಬಡಿತವನ್ನೂ ದಾಖಲಿಸಿದರು. ಫಲಿತಾಂಶ 2020ರಲ್ಲಿ ಪ್ರಕಟವಾಯಿತು. 100 ನಿಮಿಷ ಹಾರಿದರೆ ರೆಕ್ಕೆ ಬಡಿದದ್ದು ಸುಮಾರು 1 ನಿಮಿಷ ಮಾತ್ರ! ಒಂದು ಹಕ್ಕಿಯಂತೂ 5 ಗಂಟೆಗೂ ಹೆಚ್ಚು ಕಾಲ, 172 ಕಿಲೋಮೀಟರ್ ದೂರ, ಒಮ್ಮೆಯೂ ರೆಕ್ಕೆ ಬಡಿಯಲಿಲ್ಲ. ಬಡಿತಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೆಲದಿಂದ ಮೇಲೇಳುವಾಗಿನವು. ಆದ್ದರಿಂದ ಎಲ್ಲೆಂದರಲ್ಲಿ ಇಳಿಯುವುದು ಕಾಂಡೋರ್‌ಗೆ ದುಬಾರಿ.

ಇದು ಹೇಗೆ ಸಾಧ್ಯ? ತೇಲುವ ಹಕ್ಕಿ ಗಾಳಿಯಲ್ಲಿ ಸದಾ ಕೆಳಕ್ಕೆ ಜಾರುತ್ತಲೇ ಇರುತ್ತದೆ. ಸೆಕೆಂಡಿಗೆ 1 ಮೀಟರ್ ಜಾರುತ್ತಿದೆ ಎಂದಿಟ್ಟುಕೊಳ್ಳಿ. ಸುತ್ತಲಿನ ಗಾಳಿಯೇ ಸೆಕೆಂಡಿಗೆ 3 ಮೀಟರ್ ಮೇಲೇರುತ್ತಿದ್ದರೆ? ಹಕ್ಕಿ ಜಾರುತ್ತಲೇ 2 ಮೀಟರ್ ಮೇಲೆ ಹೋಗುತ್ತದೆ. ಹಾಗಾಗಿ ಅದು ಹುಡುಕಬೇಕಾದುದು ಏರುಗಾಳಿಯನ್ನು.

ಬೆಟ್ಟಗಳಲ್ಲಿ ಏರುಗಾಳಿಗೆ ಬರವಿಲ್ಲ. ಬೀಸುವ ಗಾಳಿ ಬೆಟ್ಟಕ್ಕೆ ಬಡಿದು ಇಳಿಜಾರನ್ನು ಹತ್ತುತ್ತದೆ. ಬಿಸಿಲಿಗೆ ಕಾದ ಬಂಡೆಗಳ ಮೇಲಿನ ಗಾಳಿ ಹಗುರಾಗಿ ಕಂಬದಂತೆ ಮೇಲೇಳುತ್ತದೆ. ನಮ್ಮ ಹದ್ದು ಸುತ್ತು ಹಾಕುವುದು ಇಂಥ ಕಂಬದಿಂದ ಹೊರಬೀಳದಿರಲೆಂದೇ.

ಇನ್ನೊಂದು ಬಗೆಯೂ ಇದೆ. ಹಳ್ಳದಲ್ಲಿ ಮುಳುಗಿದ ಕಲ್ಲಿನ ಮೇಲೆ ನೀರು ಹರಿಯುವುದನ್ನು ಗಮನಿಸಿ. ಕಲ್ಲನ್ನು ದಾಟಿದ ಮೇಲೂ ನೀರು ಏರಿಳಿಯುತ್ತದೆ, ಆದರೆ ಅಲೆ ನಿಂತಲ್ಲೇ ನಿಂತಂತೆ ಕಾಣುತ್ತದೆ. ಬೆಟ್ಟ ದಾಟಿದ ಗಾಳಿಯೂ ಹೀಗೆಯೇ. ಈ ಅಲೆಯ ಏರುವ ಭಾಗವನ್ನು ಹಿಡಿದರೆ ಎಂಜಿನ್ ಇಲ್ಲದ ಗ್ಲೈಡರ್ ವಿಮಾನವೂ ಬಹಳ ಎತ್ತರ ತಲುಪಬಲ್ಲದು. 2018ರ ಸೆಪ್ಟೆಂಬರ್ 2ರಂದು ಅರ್ಜೆಂಟೀನಾದ ಎಲ್ ಕಲಾಫಾಟೆಯಿಂದ ಹೊರಟ ಪರ್ಲಾನ್ 2 ಎಂಬ ಗ್ಲೈಡರ್ ಇಬ್ಬರು ಪೈಲಟ್‌ಗಳೊಂದಿಗೆ 22 ಕಿಲೋಮೀಟರಿಗೂ ಮೇಲೆ ಏರಿತು. ಎವರೆಸ್ಟ್ ಶಿಖರದ ಎರಡೂವರೆ ಪಟ್ಟು! ಮೊದಲಿಗೆ ಬೇರೊಂದು ವಿಮಾನ ಅದನ್ನು ಎಳೆದೊಯ್ದಿತ್ತು. ಮುಂದಿನದೆಲ್ಲ ಗಾಳಿಯ ಕೆಲಸ. ಆದರೆ ಇಳಿಯುವ ಭಾಗಕ್ಕೆ ಸಿಕ್ಕಿದರೆ ಗ್ಲೈಡರ್ ಅಷ್ಟೇ ವೇಗವಾಗಿ ಕೆಳಗಿಳಿಯುತ್ತದೆ. ಪೈಲಟ್ ಎಚ್ಚರ ತಪ್ಪುವಂತಿಲ್ಲ.

ಮಾಡಿ ನೋಡಿ: ಬೆಳಿಗ್ಗೆ 7 ಗಂಟೆಗೊಮ್ಮೆ, 11 ಗಂಟೆಗೊಮ್ಮೆ ಹಾರುವ ಹದ್ದನ್ನು 2 ನಿಮಿಷ ಗಮನಿಸಿ. ಸೂರ್ಯನ ಕಡೆ ಮಾತ್ರ ನೋಡಬೇಡಿ. ಎಷ್ಟು ಬಾರಿ ರೆಕ್ಕೆ ಬಡಿಯಿತೆಂದು ಎಣಿಸಿ ಬರೆದುಕೊಳ್ಳಿ. ಒಂದು ವಾರ ಹೀಗೆ ಮಾಡಿ. ಎರಡು ಹೊತ್ತಿನ ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ಕಾರಣವೇನೆಂದು ಗೆಳೆಯರೊಡನೆ ಚರ್ಚಿಸಿ.