ಊರಿಗೆ ಆನೆ ಬಂದರೆ ನಾವು ಮಾಡತಕ್ಕದ್ದೇನು?



ಬೂಕನಕೆರೆಯ ಸುತ್ತಮುತ್ತ ಆನೆಗಳು ವಾಸಿಸುವ ಕಾಡಿಲ್ಲ. ಕಬ್ಬಿನ ಗದ್ದೆಯಲ್ಲಿ ಚಿರತೆ ಕಂಡವರು ನಮ್ಮ ಸೀಮೆಯಲ್ಲಿ ಉಂಟು. ಆನೆಯನ್ನು ನಮ್ಮಲ್ಲಿ ಬಹುಮಂದಿ ನೋಡಿರುವುದು ಮೈಸೂರಿನ ದಸರಾ ಮೆರವಣಿಗೆಯಲ್ಲಿ ಮಾತ್ರ. ಹಾಗಿದ್ದಮೇಲೆ ಈ ಪಾಠ ನಮಗೇಕೆ ಎಂದು ನೀವು ಕೇಳಬಹುದು.

ನಮ್ಮ ವಾಯವ್ಯಕ್ಕೆ ಹಾಸನ ಜಿಲ್ಲೆಯ ಆಲೂರು, ಬೇಲೂರು, ಸಕಲೇಶಪುರ ತಾಲ್ಲೂಕುಗಳಿವೆ. ಅಲ್ಲಿ ಆನೆಗಳು ಕಾಫಿ ತೋಟ ಮತ್ತು ಗದ್ದೆಗಳ ನಡುವೆಯೇ ತಿರುಗಾಡುತ್ತವೆ. ಆಗ್ನೇಯಕ್ಕೆ ಮುತ್ತತ್ತಿಯ ಕಾಡಿದೆ. ಆ ಕಡೆಯಿಂದ ಮದ್ದೂರು, ಮಂಡ್ಯ ತಾಲ್ಲೂಕುಗಳ ಕಬ್ಬಿನ ಗದ್ದೆಗಳವರೆಗೆ ಆನೆಗಳು ಬಂದುಹೋದದ್ದುಂಟು. ಆನೆಯ ಕಾಲಿಗೆ ತಾಲ್ಲೂಕಿನ ಗಡಿ ಅಡ್ಡವಾಗುವುದಿಲ್ಲ. ಅದನ್ನು ಕಂಡು ಅಭ್ಯಾಸವಿಲ್ಲದ ಊರಿನಲ್ಲಿಯೇ ಅಪಾಯ ಹೆಚ್ಚು. ಆದ್ದರಿಂದ ಅದು ಬರುವ ಮೊದಲೇ ನಾಲ್ಕು ವಿಷಯ ತಿಳಿದಿರುವುದು ಒಳ್ಳೆಯದು.

ಆನೆಯ ಸ್ವಭಾವ

ಬೆಳೆದ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಕಾಡಿನಲ್ಲಿ ಅಷ್ಟನ್ನು ಮೇಯಲು ಅದು ಬಹಳ ಹೊತ್ತು ಅಲೆಯಬೇಕು. ಕಬ್ಬು, ಬಾಳೆ, ಭತ್ತ, ರಾಗಿ ಸಿಕ್ಕರೆ ಒಂದೇ ಜಾಗದಲ್ಲಿ ಬೇಗ ಹೊಟ್ಟೆ ತುಂಬುತ್ತದೆ. ಹೆಣ್ಣಾನೆಗಳು ಮರಿಗಳೊಡನೆ ಹಿಂಡಾಗಿ ಇರುತ್ತವೆ. ಗಂಡಾನೆಗಳು ಪ್ರಾಯಕ್ಕೆ ಬಂದ ಮೇಲೆ ಹಿಂಡನ್ನು ಬಿಟ್ಟು ಒಂಟಿಯಾಗಿಯೋ ಎರಡು ಮೂರು ಸೇರಿಯೋ ತಿರುಗುತ್ತವೆ. ಬೆಳೆಗೆ ಬೀಳುವುದರಲ್ಲಿ ಇವೇ ಮುಂದು.

ಹಗಲು ಮರೆಯಲ್ಲಿ ನಿಂತು, ಕತ್ತಲಾದ ಮೇಲೆ ಹೊರಡುವುದು ಊರ ಕಡೆ ಬಂದ ಆನೆಯ ಪದ್ಧತಿ. ಆಳೆತ್ತರದ ಕಬ್ಬು ಅದಕ್ಕೆ ಒಳ್ಳೆಯ ಮರೆ. ಅದರ ಮೂಗು, ಕಿವಿ ಬಹಳ ಚುರುಕು, ಕಣ್ಣು ಅಷ್ಟಿಲ್ಲ. ಓಡಿದರೆ ಗಂಟೆಗೆ 20 ಕಿಲೋಮೀಟರಿಗೂ ಹೆಚ್ಚು ವೇಗ. ಉಳುಮೆಯಾದ ಹೊಲದಲ್ಲಿ ಯಾವ ಮನುಷ್ಯನೂ ಅದರ ಮುಂದೆ ಓಡಿ ಗೆಲ್ಲಲಾರ.

ಹಾಸನದವರ ಅನುಭವ

ನಮ್ಮ ತಾಲ್ಲೂಕಿಗೆ ನೀರು ಕೊಡುವ ಹೇಮಾವತಿಯ ಮೇಲಿನ ಸೀಮೆಯೇ ಆಲೂರು, ಸಕಲೇಶಪುರ. ಅಲ್ಲಿಯ ರೈತರು ಬೆಳೆ ಕಳೆದುಕೊಂಡರು; ಅನೇಕ ಮನೆಗಳವರು ಮನೆಯ ಯಜಮಾನನನ್ನೇ ಕಳೆದುಕೊಂಡರು. ಅವರ ಕೂಗಿನ ಮೇಲೆ 2014ರಲ್ಲಿ ಅರಣ್ಯ ಇಲಾಖೆಯವರು 22 ಆನೆಗಳನ್ನು ಹಿಡಿದು ಸಾಗಿಸಿದರು. ಆದರೂ ತೊಂದರೆ ತೀರಲಿಲ್ಲ. ಬೇರೆ ಆನೆಗಳು ಆ ಜಾಗಕ್ಕೆ ಬಂದವು. ಎಂಟು ಬಾರಿ ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸತ್ತದ್ದು ಸಕಲೇಶಪುರ ತಾಲ್ಲೂಕಿನಲ್ಲಿಯೇ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ. ಹಿಡಿದು ಸಾಗಿಸುವುದು ಸುಲಭವೂ ಅಲ್ಲ, ಅದೊಂದರಿಂದಲೇ ಪರಿಹಾರವೂ ಇಲ್ಲ.

ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳಲ್ಲಿ ಆನೆಯಿಂದಾದ ಸಾವುಗಳನ್ನು ಪರಿಶೀಲಿಸಿದವರಿಗೆ ಒಂದು ಮುಖ್ಯ ಸಂಗತಿ ಕಂಡಿತು. ಸತ್ತವರಲ್ಲಿ ಬಹುಪಾಲು ಜನಕ್ಕೆ ಹತ್ತಿರದಲ್ಲಿ ಆನೆ ಇರುವುದೇ ಗೊತ್ತಿರಲಿಲ್ಲ. ಆದುದರಿಂದ ಅಲ್ಲಿ ಆನೆ ಎಲ್ಲಿದೆ ಎಂಬ ಸುದ್ದಿಯನ್ನು ದಿನವೂ ಮೊಬೈಲಿಗೆ ಕಳಿಸುವ ಮತ್ತು ಕಂಬದ ಮೇಲೆ ಕೆಂಪು ದೀಪ ಹೊತ್ತಿಸುವ ಏರ್ಪಾಡಾಯಿತು. ಮುಂದೆ ಹಾಸನ ಜಿಲ್ಲೆಯಲ್ಲಿಯೂ ಸುದ್ದಿ ಮುಟ್ಟಿಸುವ ಇಂತಹ ಏರ್ಪಾಡು ಬಂದಿತು. ಇದರಿಂದ ನಾವು ಕಲಿಯಬೇಕಾದುದು ಇಷ್ಟೇ: ಆನೆ ಇದೆ ಎಂದು ತಿಳಿದವನು ಬದುಕುತ್ತಾನೆ.

ಸುದ್ದಿ ಬಂದ ಕೂಡಲೇ

1. ಲದ್ದಿ, ದುಂಡನೆಯ ದೊಡ್ಡ ಹೆಜ್ಜೆ, ಮುರಿದ ಬಾಳೆ ಕಂಡವರು ಅರಣ್ಯ ಇಲಾಖೆಯ 1926ನೇ ನಂಬರಿಗೆ ಫೋನು ಮಾಡಿ. ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಹಗ್ಗದಿಂದ ಅಳೆಯಿರಿ. ಅದರ ಎರಡರಷ್ಟು ಆನೆಯ ಎತ್ತರ. ಆನೆ ದೊಡ್ಡದೋ ಮರಿಯೋ ಎಂದು ಇದರಿಂದ ತಿಳಿಯುತ್ತದೆ. ಆದರೆ ಅದು ದೂರ ಹೋಗಿದೆ ಎಂದು ಖಾತ್ರಿಯಿದ್ದರೆ ಮಾತ್ರ ಈ ಕೆಲಸ.

2. ಪಂಚಾಯಿತಿಯವರು ಧ್ವನಿವರ್ಧಕದಲ್ಲಿ ಸಾರಿಸಲಿ. ಹಾಲಿನ ಡೇರಿ, ಆಲೆಮನೆ, ಶಾಲೆ, ತೋಟದ ಒಂಟಿ ಮನೆಗಳಿಗೆ ಮೊದಲು ಸುದ್ದಿ ಮುಟ್ಟಬೇಕು. ಡೇರಿಗೆ ನಸುಕಿನಲ್ಲಿ ಹೊರಡುವ ಹೆಂಗಸರನ್ನು ಮರೆಯಬೇಡಿ.

3. ರಾತ್ರಿ ಕರೆಂಟು ಬಂತೆಂದು ಪಂಪ್‌ಸೆಟ್ಟಿನ ಬಳಿಗೆ ಒಬ್ಬರೇ ಹೋಗಕೂಡದು. ಒಂದು ರಾತ್ರಿ ನೀರು ತಪ್ಪಿದರೆ ಬೆಳೆ ತಡೆದುಕೊಳ್ಳುತ್ತದೆ.

4. ಜಾತ್ರೆ ಸೇರಿದಂತೆ ಗದ್ದೆಯ ಸುತ್ತ ಸೇರಕೂಡದು. ಕಲ್ಲು, ಪಟಾಕಿ, ಮೊಬೈಲಿನ ಚಿತ್ರ ಯಾವುದೂ ಬೇಡ. ನಾಲ್ಕು ಕಡೆಯೂ ಜನ ನಿಂತರೆ ಆನೆ ಹೋಗುವುದೆಲ್ಲಿಗೆ? ದಾರಿ ಕಾಣದ ಆನೆ ಜನರ ಮೇಲೆಯೇ ನುಗ್ಗುತ್ತದೆ. ಇಲಾಖೆಯವರು ಹೇಳಿದ ಕಡೆ ದಾರಿ ಬಿಟ್ಟು ಮನೆಯಲ್ಲಿರಿ. ಕತ್ತಲಾದ ಮೇಲೆ ಅದನ್ನು ಸಾಗಿಸುವುದು ಅವರ ಕೆಲಸ.

5. ಮರಿಯಿರುವ ಹಿಂಡಿನ ಹತ್ತಿರಕ್ಕೆ ಎಂದಿಗೂ ಹೋಗಬೇಡಿ.

ತಂತಿಗೆ ಕರೆಂಟು ಕೊಡಬೇಡಿ

ಹಂದಿಯ ಕಾಟಕ್ಕೆಂದು ಬೇಲಿಗೆ ನೇರವಾಗಿ ಲೈನಿನ ಕರೆಂಟು ಕೊಡುವವರಿದ್ದಾರೆ. ಆ ತಂತಿಗೆ ಆನೆ, ಹಸು, ಮಗ ಎಂಬ ಭೇದವಿಲ್ಲ. ಬೆಳಗ್ಗೆ ಬೇಲಿಯಲ್ಲಿ ಬಿದ್ದಿರುವುದು ನಿಮ್ಮ ಪಕ್ಕದ ಹೊಲದವನೇ ಆಗಿರಬಹುದು. ಆನೆಯನ್ನು ಕೊಂದವರಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಕಡಿಮೆಯೆಂದರೆ 3 ವರ್ಷದ ಸಜೆಯುಂಟು. ಸರಿಯಾದ ಸೌರ ಬೇಲಿಯ ಯಂತ್ರವು ಸೆಕೆಂಡಿಗೆ ಸುಮಾರು ಒಂದು ಸಲ ಕ್ಷಣಮಾತ್ರ ಹೊಡೆತ ಕೊಡುತ್ತದೆ. ಅದು ಹೆದರಿಸುತ್ತದೆ, ಕೊಲ್ಲುವುದಿಲ್ಲ. ಬೇಲಿ ಬೇಕಾದವರು ಅದನ್ನೇ ಹಾಕಿಸಿ, ತಂತಿಗೆ ಹುಲ್ಲು ತಗುಲದಂತೆ ಸವರುತ್ತಿರಿ.

ಬೆಳೆ ಹಾಳಾದರೆ

ಹಾಳಾದ ಬೆಳೆಯನ್ನು ಕೂಡಲೇ ತೆಗೆದುಹಾಕಬೇಡಿ. ಚಿತ್ರ ತೆಗೆದುಕೊಂಡು, ಪಹಣಿ ಮತ್ತು ಬ್ಯಾಂಕಿನ ಪಾಸ್‌ಪುಸ್ತಕದ ಪ್ರತಿಗಳೊಡನೆ ಅರಣ್ಯ ಇಲಾಖೆಯ ವಲಯ ಕಚೇರಿಗೆ ತಡಮಾಡದೆ ಅರ್ಜಿ ಕೊಡಿ. ಪರಿಹಾರದ ಹಣ ಇಡೀ ನಷ್ಟವನ್ನು ತುಂಬಲಿಕ್ಕಿಲ್ಲ. ಆದರೆ ಮುರಿದ ಕಬ್ಬು ಕೂಳೆಯಲ್ಲಿ ಮತ್ತೆ ಚಿಗುರುತ್ತದೆ. ಹೋದ ಪ್ರಾಣ ಚಿಗುರುವುದಿಲ್ಲ.

ಊರಿನಲ್ಲಿ ಕೂಡಿ ಯೋಚಿಸಲು ಪ್ರಶ್ನೆಗಳು

1. ನಮ್ಮ ಊರಿನಲ್ಲಿ ನಸುಕಿನಲ್ಲಿ, ರಾತ್ರಿಯಲ್ಲಿ ಹೊರಗೆ ಹೋಗುವವರು ಯಾರು ಯಾರು? ಅವರಿಗೆ ಸುದ್ದಿ ಮುಟ್ಟಿಸುವವರು ಯಾರು?

2. ಯಾವ ಹೊಲದ ಬೇಲಿಗೆ ಕರೆಂಟು ಇದೆ? ಅದನ್ನು ಇಂದೇ ತೆಗೆಸುವುದು ಹೇಗೆ?

3. ಜನ ಗುಂಪು ಸೇರದಂತೆ ನೋಡಿಕೊಳ್ಳುವ ಹೊಣೆಯನ್ನು ಯಾರು ಹೊರುತ್ತೀರಿ?